ಕುರ್ಚಿಯ ಲೆಕ್ಕ: ಪುತ್ತೂರು, ಸುಳ್ಯ, ಕಡಬದ ಸೆಲೂನುಗಳ ಪೈಪೋಟಿ

ಕೆಲವು ಸಮಯದ ಹಿಂದೆ ಸೆಲೂನ್ ಮಾಲೀಕರೊಬ್ಬರು ಬ್ಯಾಂಕ್ ಸಾಲದ ಅರ್ಜಿಗೆ ಲೆಕ್ಕಪತ್ರ ಸಿದ್ಧಪಡಿಸಿಕೊಡುವಂತೆ ಕೋರಿ ನಮ್ಮ ಕಚೇರಿಗೆ ಬಂದಿದ್ದರು. ಇಪ್ಪತ್ತು ವರ್ಷ ಮೀರಿದ ವ್ಯವಹಾರ. ಬರೆದಿಟ್ಟ ಪುಸ್ತಕ ಒಂದೂ ಇಲ್ಲ. ಎದುರಿನ ಕಟ್ಟಡದಲ್ಲಿ ಹವಾನಿಯಂತ್ರಿತ ಸೆಲೂನ್ ಆರಂಭವಾದ ವಾರದಲ್ಲೇ ಅವರು ತಮ್ಮ ದರವನ್ನು ಇಪ್ಪತ್ತು ರೂಪಾಯಿ ಇಳಿಸಿದ್ದರು. "ಜನ ಏನೋ ಬರ್ತಾರೆ ಸಾರ್, ಆದ್ರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ನಿಲ್ಲುದಿಲ್ಲ" ಎಂದರು. ನಮ್ಮ ಮೂರು ತಾಲ್ಲೂಕುಗಳ ಬಹುಪಾಲು ಕ್ಷೌರದಂಗಡಿಗಳ ಸ್ಥಿತಿ ಈ ಒಂದು ಮಾತಿನಲ್ಲಿ ಅಡಕವಾಗಿದೆ.

ಮೂರು ಪೇಟೆ, ಮೂರು ಬಗೆಯ ಗಿರಾಕಿ

ಪುತ್ತೂರು ನಗರಸಭೆಯ ಊರು. ಸೋಮವಾರದ ಸಂತೆ, ಕಾಲೇಜುಗಳು, ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ, ಕಚೇರಿಗಳು ಇರುವುದರಿಂದ ದಿನವೂ ಹೊಸ ಮುಖಗಳು ಬರುತ್ತವೆ. ಇಲ್ಲಿ ಯುವಕರು ಮೊಬೈಲಿನಲ್ಲಿ ಚಿತ್ರ ತೋರಿಸಿ ಅಂಥದೇ ಕೇಶವಿನ್ಯಾಸ ಬೇಕೆನ್ನುತ್ತಾರೆ. ಸುಳ್ಯದಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದೆಡೆ, ಅಡಿಕೆ ಹಾಗೂ ರಬ್ಬರ್ ಕೃಷಿಕರು ಇನ್ನೊಂದೆಡೆ. ಕಾಲೇಜಿಗೆ ರಜೆ ಬಂತೆಂದರೆ ಮೊದಲ ವರ್ಗದ ಗಿರಾಕಿಗಳು ಊರಲ್ಲೇ ಇರುವುದಿಲ್ಲ. ಕಳೆದ ದಶಕದಲ್ಲಿ ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿಕೊಂಡು ಹೊಸ ತಾಲ್ಲೂಕಾದ ಕಡಬ ಉಪ್ಪಿನಂಗಡಿ–ಸುಬ್ರಹ್ಮಣ್ಯ ಮಾರ್ಗದಲ್ಲಿದೆ. ಕುಕ್ಕೆಗೆ ಹೋಗುವ ಯಾತ್ರಿಕರ ವಾಹನಗಳು ಪೇಟೆಯನ್ನು ಹಾದುಹೋಗುತ್ತವೆ, ಆದರೆ ಸೆಲೂನಿನ ಕುರ್ಚಿಯಲ್ಲಿ ಕುಳಿತುಕೊಳ್ಳುವವರು ಸುತ್ತಮುತ್ತಲ ಗ್ರಾಮಸ್ಥರೇ. ಒಬ್ಬ ಗಿರಾಕಿ ತಪ್ಪಿದರೆ ಆ ಜಾಗಕ್ಕೆ ಇನ್ನೊಬ್ಬ ತಾನಾಗಿ ಬರುವುದಿಲ್ಲ.

ವರ್ಷದ ಏರಿಳಿತವೂ ಗಮನಾರ್ಹ. ಜಾತ್ರೆ, ಮದುವೆ, ಗೃಹಪ್ರವೇಶಗಳ ಕಾಲದಲ್ಲಿ ಹಾಗೂ ಈದ್ ಹಬ್ಬದ ಮುನ್ನಾದಿನ ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಅದರಲ್ಲೂ ಆಟಿ ತಿಂಗಳಲ್ಲಿ, ಶುಭಕಾರ್ಯಗಳಿಲ್ಲ, ಗಿರಾಕಿಗಳೂ ವಿರಳ. ಶಬರಿಮಲೆಯ ವ್ರತಧಾರಿಗಳು ಮಂಡಲ ಕಾಲದಲ್ಲಿ ಕ್ಷೌರಕ್ಕೆ ಬರುವುದಿಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಅಡಿಕೆ ಫಸಲು ಕುಸಿದ ಗ್ರಾಮಗಳಲ್ಲಿ ಅದರ ಪರಿಣಾಮ ಸೆಲೂನಿಗೂ ತಟ್ಟದೆ ಇರದು. ಬಾಡಿಗೆಯಾದರೋ ಹನ್ನೆರಡು ತಿಂಗಳೂ ಒಂದೇ.

ಇಪ್ಪತ್ತು ರೂಪಾಯಿಯ ಬೆಲೆ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಎರಡು ಕುರ್ಚಿಗಳ ಅಂಗಡಿ. ಒಂದರಲ್ಲಿ ಮಾಲೀಕ, ಇನ್ನೊಂದರಲ್ಲಿ ಗಳಿಕೆಯ ಅರ್ಧ ಪಾಲಿಗೆ ದುಡಿಯುವ ಕೆಲಸಗಾರ. ಬಾಡಿಗೆ ರೂ. 9,000, ವಿದ್ಯುತ್ ಮತ್ತು ನೀರು ರೂ. 2,000, ಸವಕಳಿ ಹಾಗೂ ದುರಸ್ತಿ ರೂ. 3,000. ಮಾಲೀಕನ ದುಡಿಮೆಗೆ ರೂ. 22,000 ವೇತನ ಹಿಡಿದರೆ ತಿಂಗಳ ಸ್ಥಿರ ವೆಚ್ಚ ರೂ. 36,000. ಇಪ್ಪತ್ತಾರು ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ರೂ. 1,385.

ಸರಾಸರಿ ದರ ರೂ. 120, ಬ್ಲೇಡು, ಕ್ರೀಮು, ಟವೆಲಿಗೆ ತಲಾ ರೂ. 10 ಖರ್ಚು. ಮಾಲೀಕನ ಕುರ್ಚಿಯಲ್ಲಿ ಒಬ್ಬ ಗಿರಾಕಿಯಿಂದ ರೂ. 110, ಕೆಲಸಗಾರನ ಕುರ್ಚಿಯಲ್ಲಿ ರೂ. 50 ಅಂಗಡಿಗೆ ಉಳಿಯುತ್ತದೆ. ಕ್ರಮವಾಗಿ ಒಂಬತ್ತು ಮತ್ತು ಎಂಟು, ಅಂದರೆ ದಿನಕ್ಕೆ ಹದಿನೇಳು ಗಿರಾಕಿಗಳಾದರೆ ರೂ. 1,390 ಬಂದು ವೆಚ್ಚ ಸರಿದೂಗುತ್ತದೆ.

ಈಗ ದರವನ್ನು ರೂ. 100ಕ್ಕೆ ಇಳಿಸಿ ನೋಡಿ. ಉಳಿಕೆ ಅನುಕ್ರಮವಾಗಿ ರೂ. 90 ಮತ್ತು ರೂ. 40 ಆಗುತ್ತದೆ. ಅದೇ ರೂ. 1,390 ಗಳಿಸಲು ಹನ್ನೊಂದು ಮತ್ತು ಹತ್ತು, ಒಟ್ಟು ಇಪ್ಪತ್ತೊಂದು ಗಿರಾಕಿಗಳು ಬೇಕು. ದಿನವೂ ನಾಲ್ಕು ಹೆಚ್ಚುವರಿ ಗಿರಾಕಿಗಳನ್ನು ಕಡಬದಂಥ ಪೇಟೆಯಲ್ಲಿ ಎಲ್ಲಿಂದ ತರುವುದು? ಬಾರದಿದ್ದರೆ ನಷ್ಟ ಬೀಳುವುದು ಮಾಲೀಕನ ವೇತನದ ಮೇಲೆ. ಆ ವೇತನವನ್ನು ಆತ ಎಂದೂ ಬರೆದಿಟ್ಟವನಲ್ಲವಾದ್ದರಿಂದ ನಷ್ಟವೂ ಕಣ್ಣಿಗೆ ಬೀಳುವುದಿಲ್ಲ. ನನ್ನ ಬಳಿಗೆ ಬಂದವರ ವಿಷಯದಲ್ಲಿ ಆದದ್ದು ಇದೇ.

ತೆರಿಗೆಯ ಹೊಸ ಸನ್ನಿವೇಶ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಂದಿನಿಂದ ನೋಂದಾಯಿತ ಸೆಲೂನುಗಳು ಶೇ. 18ರಷ್ಟು ತೆರಿಗೆ ವಿಧಿಸುತ್ತಿದ್ದವು. ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದ ಸಣ್ಣ ಅಂಗಡಿಗೆ ನೋಂದಣಿಯ ಅಗತ್ಯವಿಲ್ಲ. ಮೇಲಿನ ಉದಾಹರಣೆಯ ಅಂಗಡಿಯ ವಾರ್ಷಿಕ ವಹಿವಾಟು ರೂ. 6,36,480 ಮಾತ್ರ. ಹೀಗಾಗಿ ನೂರು ರೂಪಾಯಿಯ ಸೇವೆಗೆ ದೊಡ್ಡ ಸೆಲೂನು ರೂ. 118 ಪಡೆಯಬೇಕಾಗಿದ್ದಾಗ ನೆರೆಯ ಸಣ್ಣ ಅಂಗಡಿಗೆ ರೂ. 18ರ ಆಸರೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಈ ದರ ಶೇ. 5ಕ್ಕೆ ಇಳಿಯಿತು, ಆಸರೆಯೂ ರೂ. 5ಕ್ಕೆ ಇಳಿಯಿತು. ಹೊಸ ದರದಲ್ಲಿ ಹೂಡುವಳಿ ತೆರಿಗೆ ಜಮೆಗೆ ಅವಕಾಶವಿಲ್ಲದ ಕಾರಣ ಬಾಡಿಗೆ, ಸಲಕರಣೆಗಳ ಮೇಲಿನ ತೆರಿಗೆ ದೊಡ್ಡ ಸೆಲೂನುಗಳಿಗೆ ವೆಚ್ಚವೇ ಆಗುತ್ತದೆ ಎಂಬುದೂ ನಿಜ. ಆದರೂ ಅಗ್ಗದ ದರವೊಂದನ್ನೇ ನಂಬಿ ಕೂರುವ ಕಾಲ ಮುಗಿದಿದೆ.

2025ರ ಜುಲೈಯಲ್ಲಿ ರಾಜ್ಯದ ಸಣ್ಣ ವರ್ತಕರಿಗೆ ಯುಪಿಐ ಜಮೆಗಳ ಆಧಾರದಲ್ಲಿ ವಾಣಿಜ್ಯ ತೆರಿಗೆ ನೋಟಿಸುಗಳು ಬಂದಾಗ ಹಲವರು ಕ್ಯೂಆರ್ ಫಲಕಗಳನ್ನೇ ತೆಗೆದಿಟ್ಟರು. ಇದು ತಪ್ಪು ದಾರಿ. ಮಗಳ ಮದುವೆಗೆ ಬಂದ ಹಣವೂ ಅಂಗಡಿಯ ಹಣವೂ ಒಂದೇ ಖಾತೆಗೆ ಬೀಳುವುದೇ ನಿಜವಾದ ತೊಡಕು. ವ್ಯವಹಾರಕ್ಕೆ ಪ್ರತ್ಯೇಕ ಖಾತೆ ತೆರೆದರೆ ಅರ್ಧ ಭಯ ಅಲ್ಲಿಗೇ ಮುಗಿಯಿತು.

ಉಳಿಸಿಕೊಳ್ಳುವ ದಾರಿ

ಹಿಂದೆ ನಮ್ಮ ಹಳ್ಳಿಗಳಲ್ಲಿ ಭಂಡಾರಿಗಳು ಮನೆಮನೆಗೆ ಬಂದು ಕ್ಷೌರ ಮಾಡಿ, ಬೆಳೆ ಬಂದಾಗ ಭತ್ತ, ಅಕ್ಕಿಯ ರೂಪದಲ್ಲಿ ಪ್ರತಿಫಲ ಪಡೆಯುತ್ತಿದ್ದರು. ಆ ಪದ್ಧತಿಯಲ್ಲಿ ಅಸಮಾನತೆಯಿತ್ತು, ಅದು ಹೋದದ್ದು ಒಳ್ಳೆಯದೇ. ಆದರೆ ಯಾವ ಮನೆಗೆ ಎಂದು ಹೋಗಬೇಕೆಂಬ ಲೆಕ್ಕ ಅವರ ತಲೆಯಲ್ಲಿತ್ತು. ಆ ತಿಳಿವಳಿಕೆಯೇ ಇಂದಿಗೂ ನೆರೆಯ ಅಂಗಡಿಯ ನಿಜವಾದ ಬಂಡವಾಳ. ನಾಲ್ಕು ವಾರಕ್ಕೊಮ್ಮೆ ಬರುವ ಗಿರಾಕಿ ವರ್ಷಕ್ಕೆ ಹದಿಮೂರು ಬಾರಿ ಬರುತ್ತಾನೆ; ಆರು ವಾರಕ್ಕೊಮ್ಮೆ ಬಂದರೆ ಒಂಬತ್ತು ಬಾರಿಯೂ ಇಲ್ಲ. ಫೋನಿನಲ್ಲಿ ಸಮಯ ನಿಗದಿ ಮಾಡಿಕೊಡುವುದು, ನಡೆಯಲಾಗದ ಹಿರಿಯರ ಮನೆಗೆ ಮಂಗಳವಾರದ ರಜೆಯಂದು ಹೋಗಿಬರುವುದು, ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಒಗೆದ ಟವೆಲು ಬಳಸುವುದು ದರ ಇಳಿಸುವುದಕ್ಕಿಂತ ಕಡಿಮೆ ಖರ್ಚಿನ ಉಪಾಯಗಳು.

ಕುರ್ಚಿ, ಕನ್ನಡಿ, ಯಂತ್ರಗಳ ಸುಧಾರಣೆಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಿದೆ. ಅದರ ಹದಿನೆಂಟು ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ಶೇ. 5ರ ಬಡ್ಡಿಯಲ್ಲಿ ಮೊದಲ ಹಂತದಲ್ಲಿ ರೂ. 1 ಲಕ್ಷ, ಎರಡನೆಯ ಹಂತದಲ್ಲಿ ರೂ. 2 ಲಕ್ಷ ಸಾಲ, ಸಲಕರಣೆಗಳಿಗೆ ರೂ. 15,000 ನೆರವು ಅದರಲ್ಲಿದೆ. ಅದಕ್ಕಿಂತ ದೊಡ್ಡ ಸಾಲ ಬೇಕಾದವರಿಗೆ ಆದಾಯ ತೆರಿಗೆ ವಿವರಣಪಟ್ಟಿಯೇ ಮುಖ್ಯ ದಾಖಲೆ. ತೆರಿಗೆ ಕಟ್ಟಬೇಕಾಗಿಲ್ಲದಿದ್ದರೂ ಪ್ರತಿವರ್ಷ ಅದನ್ನು ಸಲ್ಲಿಸುವುದು ಜಾಣತನ.

ನಮ್ಮ ಸಂಸ್ಥೆಯು ಮೂರೂ ಪೇಟೆಗಳಲ್ಲಿ, ಮಂಗಳವಾರದ ದಿನವೇ, ಸೆಲೂನ್ ಮಾಲೀಕರಿಗಾಗಿ ಲೆಕ್ಕ ಬರೆಯುವ ಒಂದೊಂದು ಶಿಬಿರ ನಡೆಸಬೇಕೆಂಬುದು ನನ್ನ ಸಲಹೆ. ಸದಸ್ಯ ಲೆಕ್ಕಪರಿಶೋಧಕರು ಅರ್ಧ ದಿನ ಕೊಟ್ಟರೆ ಸಾಕು.

ಆರಂಭದಲ್ಲಿ ಹೇಳಿದ ಮಾಲೀಕರು ಹಳೆಯ ದರಕ್ಕೆ ಮರಳಿದರು. ಕೆಲವು ಗಿರಾಕಿಗಳು ಎದುರಿನ ಅಂಗಡಿಗೆ ಹೋದದ್ದೂ ಉಂಟು. ಆ ವರ್ಷ ಸಾಲ ಮಂಜೂರಾಗಲಿಲ್ಲ, ಏಕೆಂದರೆ ಇಪ್ಪತ್ತು ವರ್ಷಗಳ ದುಡಿಮೆಗೆ ತೋರಿಸಲು ಒಂದು ಕಾಗದವೂ ಇರಲಿಲ್ಲ. ಈಗ ಅವರ ಕನ್ನಡಿಯ ಕೆಳಗೆ ನೂರು ಪುಟದ ಒಂದು ನೋಟ್‌ಪುಸ್ತಕವಿದೆ. ರಾತ್ರಿ ಬಾಗಿಲು ಹಾಕುವ ಮುನ್ನ ಎರಡು ಸಾಲು ಬರೆಯುತ್ತಾರೆ. ಮೊದಲ ಸಾಲು ಅವರದೇ ಆ ದಿನದ ಸಂಬಳ.