ಗರ್ಭಕೋಶದ ಗೆಡ್ಡೆ: ಮುಚ್ಚಿಡುವುದೂ ಬೇಡ, ಹೆದರುವುದೂ ಬೇಡ

ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಕಷಾಯ ಕುದಿಸಿಕೊಡುವವಳು, ಡಾಕ್ಟರಲ್ಲಿಗೆ ಹೊರಡಿಸುವವಳು ಮನೆಯೊಡತಿ. ತನ್ನ ಮೈಯ ತೊಂದರೆಯನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳ ಸ್ರಾವ ಹತ್ತು ದಿನವಾದರೂ ನಿಲ್ಲದಿದ್ದರೆ "ಪ್ರಾಯವಾಯಿತಲ್ಲ, ಹೀಗೇ" ಎಂದು ಸುಮ್ಮನಾಗುತ್ತಾಳೆ. ಮುಖ ಬಿಳಿಚಿ, ತಲೆ ತಿರುಗಿ ಬಿದ್ದ ಮೇಲೆಯೇ ಆಸ್ಪತ್ರೆಯ ದಾರಿ. ಅಲ್ಲಿ ಸ್ಕ್ಯಾನ್ ಮಾಡಿ, ಗರ್ಭಾಶಯದಲ್ಲಿ 'ಮುಳ' ಇದೆ ಎನ್ನುತ್ತಾರೆ. ಮಲಯಾಳದ ಆ ಮಾತಿಗೆ ನಮ್ಮಲ್ಲಿ ಗೆಡ್ಡೆ ಎಂದರ್ಥ. ಗೆಡ್ಡೆ ಎಂದೊಡನೆ ಮನೆಮಂದಿಗೆಲ್ಲ ಕ್ಯಾನ್ಸರಿನ ಭಯ.

ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಫೈಬ್ರಾಯ್ಡ್ ಎಂಬ ಈ ಗೆಡ್ಡೆ ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವಂಥದು. ಕಡಲೆಕಾಳಿನಷ್ಟು ಸಣ್ಣದಿರಬಹುದು, ತೆಂಗಿನಕಾಯಿಯಷ್ಟು ದೊಡ್ಡದೂ ಆಗಬಹುದು. ಐವತ್ತು ವರ್ಷ ತುಂಬುವುದರೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅನೇಕರಿಗೆ ಇದ್ದದ್ದೇ ತಿಳಿಯುವುದಿಲ್ಲ. ಕ್ಯಾನ್ಸರ್ ಇರುವುದು ತೀರ ಅಪರೂಪ.

ಕಾರಣವೇನು?

ಮೊದಲ ಕಾರಣ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಎಂಬ ಹಾರ್ಮೋನುಗಳು ಗೆಡ್ಡೆಯನ್ನು ಬೆಳೆಸುತ್ತವೆ. ಆದ್ದರಿಂದಲೇ ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ತಾಯಿಗೋ ಅಕ್ಕನಿಗೋ ಇದ್ದರೆ ಬರುವ ಸಂಭವ ಹೆಚ್ಚು. ಮೈಬೊಜ್ಜೂ ಒಂದು ಕಾರಣ.

ಪತ್ತೆ ಹೇಗೆ?

ಏಳು ದಿನ ಮೀರಿದ ಸ್ರಾವ, ರಕ್ತದ ಗಡ್ಡೆಗಳು ಹೋಗುವುದು, ಕಿಬ್ಬೊಟ್ಟೆಯ ಭಾರ, ಸೊಂಟನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮಲಬದ್ಧತೆ ಇದರ ಲಕ್ಷಣಗಳು. ಕೆಲವರಿಗೆ ಗರ್ಭ ನಿಲ್ಲದಿರಲೂ ಇದು ಕಾರಣವಾಗಬಹುದು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಗೆಡ್ಡೆ ಕಾಣುತ್ತದೆ, ಅದರಿಂದ ನೋವಿಲ್ಲ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಆಗಲೇಬೇಕು. ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ ಸ್ಥಿತಿ. ನಲವತ್ತೈದು ದಾಟಿದವರಲ್ಲಿ ಸ್ರಾವ ಕೆಟ್ಟಿದ್ದರೆ ಗರ್ಭಕೋಶದ ಒಳಪದರದ ಚೂರನ್ನು ತೆಗೆದು ಪರೀಕ್ಷಿಸುವುದುಂಟು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಒಂದೇ ತೊಟ್ಟಾದರೂ, ತಡಮಾಡಬಾರದು.

ಚಿಕಿತ್ಸೆ

ತೊಂದರೆ ಕೊಡದ ಗೆಡ್ಡೆಗೆ ಮದ್ದು ಬೇಡ. ಆಗಾಗ ಪರೀಕ್ಷಿಸಿಕೊಂಡರೆ ಸಾಕು. ಸ್ರಾವ ಹೆಚ್ಚಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ, ಹಾರ್ಮೋನು ಗುಳಿಗೆ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನದಿಂದ ತಗ್ಗಿಸಬಹುದು. ಎಲ್ಲವೂ ಡಾಕ್ಟರರ ಸಲಹೆಯಂತೆಯೇ ಆಗಬೇಕು. ರಕ್ತ ತುಂಬಲು ಕಬ್ಬಿಣಾಂಶದ ಗುಳಿಗೆ ಬೇಕು. ಅದನ್ನು ಚಹಾದೊಂದಿಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ.

ಮಕ್ಕಳಾಗಬೇಕೆನ್ನುವವರಿಗೆ ಗರ್ಭಕೋಶವನ್ನು ಉಳಿಸಿ ಗೆಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಗೆಡ್ಡೆ ಮತ್ತೆ ಬರಬಹುದೆಂಬುದು ತಿಳಿದಿರಲಿ. ಗೆಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚಿ ಅದನ್ನು ಕುಗ್ಗಿಸುವ ಕ್ರಮವನ್ನು 1995ರಲ್ಲಿ ಪ್ಯಾರಿಸಿನ ವೈದ್ಯರು ಪ್ರಕಟಿಸಿದರು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಅದೂ ಉಂಟು.

ಗರ್ಭಕೋಶವನ್ನೇ ತೆಗೆಯುವುದು ಕೊನೆಯ ದಾರಿ. ಕೆಲವರಿಗೆ ಅದು ಅಗತ್ಯವೇ, ಅಂಥವರು ಅಂಜಬೇಕಾಗಿಲ್ಲ. ಆದರೆ "ಮಕ್ಕಳಾಯಿತಲ್ಲ, ಇನ್ನೇಕೆ ಅದು?" ಎಂಬ ಮಾತಿಗೆ ತಲೆಯಾಡಿಸಬೇಡಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಸುಪ್ರೀಂ ಕೋರ್ಟು 2023ರ ಎಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಅಂಡಾಶಯವನ್ನೂ ತೆಗೆಯುತ್ತೀರಾ ಎಂದು ಮೊದಲೇ ಕೇಳಿ. ಮುಟ್ಟು ನಿಲ್ಲುವ ಮೊದಲೇ ಎರಡನ್ನೂ ತೆಗೆದರೆ ಎಲುಬು ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಸಂಶಯವಿದ್ದರೆ ಇನ್ನೊಬ್ಬ ಡಾಕ್ಟರರನ್ನು ಕಾಣುವುದರಲ್ಲಿ ತಪ್ಪಿಲ್ಲ.

ನಮ್ಮ ಹಿರಿಯ ಹೆಂಗಸರಲ್ಲಿ ಹಲವರಿಗೆ ಇಂಥ ವಿಷಯವನ್ನು ಮಲಯಾಳದಲ್ಲಿ ಬಿಡಿಸಿ ಹೇಳಲು ಬಾರದು. ಗಂಡನ ಅಥವಾ ಮಗನ ಎದುರು ಹೇಳಲು ನಾಚಿಕೆ. ಮುಟ್ಟು ಬಂದ ದಿನ, ನಿಂತ ದಿನ, ಎಷ್ಟು ಬಟ್ಟೆ ಬದಲಾಯಿಸಬೇಕಾಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಭಾಷೆ ಬಲ್ಲ ಮಗಳನ್ನೋ ಸೊಸೆಯನ್ನೋ ನೆರೆಮನೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಗಂಟೆಗೊಂದು ಬಟ್ಟೆ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೆ ಮಾತ್ರ ಯಾರನ್ನೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಮನೆಯ ಗಂಡಸರಿಗೂ ಒಂದು ಮಾತು. ಆಕೆ ಗೋಡೆ ಹಿಡಿದು ನಡೆಯುವ ತನಕ ಕಾಯದೆ, "ಮೈ ಹೇಗಿದೆ?" ಎಂದು ನೀವಾಗಿಯೇ ಕೇಳಿ.