ಮನೆಯ ಬೀಜದ ಸಿಹಿಗುಂಬಳ

ಕುಂಬಳವೆಂಬ ಹೆಸರು ನಮ್ಮಲ್ಲಿ ಎರಡು ಬೇರೆ ಬೇರೆ ಕಾಯಿಗಳಿಗೆ ಸಲ್ಲುತ್ತದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯಲ್ಲಿ ಬರುವುದು ಮೈಮೇಲೆ ಬೂದಿಯುಳ್ಳ ಬೂದುಗುಂಬಳ; ಅದು ಏಷ್ಯಾಖಂಡದ ಪ್ರಾಚೀನ ಬೆಳೆ. ಅರಿಸಿನಗೆಂಪಿನ ತಿರುಳುಳ್ಳ ಸಿಹಿಗುಂಬಳವಾದರೋ ಅಮೆರಿಕಾಖಂಡದಲ್ಲಿ ಹುಟ್ಟಿ, ೧೪೯೨ರ ತರುವಾಯ ಕಡಲು ದಾಟಿ ಬಂದುದು. ಮಲೆನಾಡಿನವರು ಇದನ್ನು ಚೀನಿಕಾಯಿಯೆಂದು ಕರೆದರೂ ಚೀನಾದೇಶವು ಇದರ ತವರಲ್ಲ. ಆದರೂ ತಲೆಮಾರುಗಳಿಂದ ನಮ್ಮ ಹಿತ್ತಲುಗಳಲ್ಲಿ ಬೆಳೆದು, ಒಂದೆಡೆ ಚಪ್ಪಟೆಯಾಗಿ, ಒಂದೆಡೆ ಗುಂಡಾಗಿ, ಮನೆಗೊಂದು ರುಚಿಯನ್ನು ತಾಳಿ, ಅದು ನಮ್ಮದೇ ಆಗಿದೆ.

ಈ ಮನೆತನದ ಬೀಜಗಳು ಈಗ ವಿರಳವಾಗುತ್ತಿರುವುದು ಚಿಂತಿಸತಕ್ಕ ವಿಷಯ. ಅಂಗಡಿಯ ಸಂಕರ ಬೀಜವು ಮೊದಲ ವರ್ಷ ಚೆನ್ನಾಗಿ ಫಲಿಸಿದರೂ, ಅದರ ಕಾಯಿಯ ಬೀಜವನ್ನು ಬಿತ್ತಿದರೆ ತಾಯಿಯ ಗುಣವು ಹಾಗೆಯೇ ಬರುವುದಿಲ್ಲ. ಮನೆಯ ಬೀಜವಾದರೆ, ಜಾಗರೂಕತೆಯಿಂದ ಕಾಪಾಡಿದ ಪಕ್ಷದಲ್ಲಿ, ಅಜ್ಜಿಯ ಕಾಲದ ಕಾಯಿಯನ್ನೇ ಮೊಮ್ಮಗಳ ಕೈಗೂ ಕೊಡುತ್ತದೆ. ಹಳೆಯ ಬೀಜ ಕಳೆದುಹೋದವರು ನೆರೆಹೊರೆಯವರನ್ನೋ ಬಂಧುಗಳನ್ನೋ ಕೇಳಿ ತರುವುದು ಉತ್ತಮ. ಅದೂ ದೊರೆಯದಿದ್ದರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಚಂದನ್ ಸಂಕರವಲ್ಲದ ತಳಿಯಾದುದರಿಂದ, ಅದರ ಬೀಜವನ್ನು ಹಿಡಿದಿಟ್ಟುಕೊಳ್ಳಬಹುದು.

ಬಿತ್ತನೆಗೆ ಮುಂಗಾರಿನ ಆರಂಭವೇ ಸುಕಾಲ. ೮ ಅಡಿಗೊಂದರಂತೆ ಗುಣಿ ತೋಡಿ, ಕೊಳೆತ ಗೊಬ್ಬರವನ್ನೂ ಮೇಲ್ಮಣ್ಣನ್ನೂ ತುಂಬಿ, ಗುಣಿಗೆ ೩ ಬೀಜಗಳನ್ನು ಒಂದಂಗುಲ ಆಳದಲ್ಲಿ ಊರಬೇಕು. ಒಂದು ವಾರದ ಸುಮಾರಿಗೆ ಮೊಳಕೆ ಏಳುವುದು. ಬಲವಾದ ಸಸಿಗಳೆರಡನ್ನು ಉಳಿಸಿ ಮಿಕ್ಕುದನ್ನು ಕೀಳಬೇಕು. ನೀರು ನಿಂತರೆ ಬೇರು ಕೊಳೆಯುವುದು. ಎಲೆ ತಿನ್ನುವ ಕೆಂಪು ಜೀರುಂಡೆಗಳನ್ನು ಮುಂಜಾನೆ ಅವು ಮಂಕಾಗಿರುವಾಗ ಆರಿಸಿ ತೆಗೆಯಬಹುದು. ಎಳೆಗಾಯಿಗೆ ಕಾಗದವನ್ನು ಸುತ್ತಿದರೆ ಹಣ್ಣುನೊಣದ ಬಾಧೆ ತಗ್ಗುವುದು.

ಮೊದಮೊದಲು ಬರುವ ಹೂಗಳೆಲ್ಲ ಉದುರಿದುವೆಂದು ಯಾರೂ ಹತಾಶರಾಗಬೇಕಿಲ್ಲ, ಅವು ಗಂಡುಹೂಗಳು. ಅನಂತರ ಬರುವ ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಕಾಯಿಯೊಂದು ಮೊದಲೇ ಕಾಣುತ್ತದೆ. ಜೇನ್ನೊಣಗಳು ನೆರೆಮನೆಯ ಬಳ್ಳಿಯ ಪರಾಗವನ್ನೂ ಹೊತ್ತು ತರುವುದರಿಂದ, ಬೀಜದ ಕಾಯಿಗೆ ವಿಶೇಷ ಎಚ್ಚರಿಕೆ ಬೇಕು. ಮರುದಿನ ಅರಳಲಿರುವ ಗಂಡು ಹೆಣ್ಣು ಮೊಗ್ಗುಗಳ ತುದಿಯನ್ನು ಸಂಜೆ ದಾರದಿಂದ ಕಟ್ಟಿ, ಬೆಳಗ್ಗೆ ಗಂಡುಹೂವನ್ನು ಕಿತ್ತು, ದಳಗಳನ್ನು ತೆಗೆದು, ಅದರ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಸವರಿ ಮತ್ತೆ ಕಟ್ಟಬೇಕು. ಆ ಕಾಯಿಯ ತೊಟ್ಟಿಗೆ ಗುರುತಿನ ದಾರವಿರಲಿ. ಪಕ್ಕದಲ್ಲಿ ಬೂದುಗುಂಬಳವಿದ್ದರೆ ಭಯವಿಲ್ಲ; ಅವೆರಡೂ ಬೆರೆಯುವುದಿಲ್ಲ.

ಸುಮಾರು ಮೂರೂವರೆ ತಿಂಗಳಿಗೆ ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಾದಾಗ ಕಾಯಿ ಬಲಿತಿತೆಂದು ತಿಳಿಯಬೇಕು. ತೊಟ್ಟನ್ನು ಎರಡು ಮೂರು ಅಂಗುಲ ಬಿಟ್ಟು ಕೊಯ್ದು, ವಾರದ ಮಟ್ಟಿಗೆ ಒಣಹವೆಯಲ್ಲಿಟ್ಟು, ಬಳಿಕ ಗಾಳಿಯಾಡುವ ಅಟ್ಟದಲ್ಲಿ ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡದು. ತರಕಾರಿಯ ಬೆಲೆ ಏರಿದ ದಿನಗಳಲ್ಲಿ ಅಟ್ಟದ ಒಂದು ಕಾಯಿ ಗೃಹಿಣಿಗೆ ದೊಡ್ಡ ಆಧಾರ. ಇದರ ಕೆಂಪು ತಿರುಳಿನಲ್ಲಿರುವ ಬಣ್ಣದ ಅಂಶವು ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಟ್ಟು ಕಣ್ಣಿಗೆ ಹಿತವನ್ನುಂಟುಮಾಡುತ್ತದೆ.

ಗಾರಿಗೆಯು ಉತ್ತರ ಕರ್ನಾಟಕದಲ್ಲಿ ಹೆಸರಾದ ತಿಂಡಿ. ತುರಿದ ಕುಂಬಳ ೨ ಲೋಟ, ಬೆಲ್ಲದ ಪುಡಿ ೧ ಲೋಟ ಸೇರಿಸಿ, ನೀರು ಹಾಕದೆ ಬೇಯಿಸಿ ಆರಲು ಬಿಡಬೇಕು. ಚಿಟಿಕೆ ಉಪ್ಪು, ಏಲಕ್ಕಿ ಬೆರೆಸಿ, ಹಿಡಿದಷ್ಟು ಗೋಧಿಹಿಟ್ಟನ್ನೂ ಸ್ವಲ್ಪ ಅಕ್ಕಿಹಿಟ್ಟನ್ನೂ ಕಲಸಿ, ಬಾಳೆಲೆಯ ಮೇಲೆ ತುಸು ದಪ್ಪನಾಗಿ ತಟ್ಟಿ, ಹದವಾದ ಉರಿಯಲ್ಲಿ ಎಣ್ಣೆಯಲ್ಲಿ ಕರಿಯುವುದು. ಮಲೆನಾಡಿನ ಸಾಸಿವೆಗಾದರೆ, ಹೋಳುಗಳನ್ನು ಉಪ್ಪು ಬೆಲ್ಲಗಳೊಡನೆ ಬೇಯಿಸಿ, ಕಾಯಿತುರಿ, ಒಣಮೆಣಸಿನಕಾಯಿ, ಅರ್ಧ ಚಮಚ ಸಾಸಿವೆಗಳನ್ನು ರುಬ್ಬಿ ಸೇರಿಸಿ, ಆರಿದ ಮೇಲೆ ಮೊಸರು ಬೆರೆಸಿ ಒಗ್ಗರಣೆ ಕೊಡಬೇಕು. ಹೂವು, ಕುಡಿ, ಸಿಪ್ಪೆಗಳೂ ವ್ಯರ್ಥವಲ್ಲ. ಬಜ್ಜಿಗೂ ಪಲ್ಯಕ್ಕೂ ಚಟ್ನಿಗೂ ಒದಗುವುವು. ಆದರೆ ಹಸಿಹೋಳು ನಾಲಗೆಗೆ ಕಹಿಯಾಗಿದ್ದರೆ ಅದನ್ನು ಉಪಯೋಗಿಸಲೇಕೂಡದು. ಆ ಕಹಿಯು ವಿಷಕರ, ಬೇಯಿಸಿದರೂ ಹೋಗದು. ಅಂಥ ಕಾಯಿಯ ಬೀಜವನ್ನೂ ಇಡಬಾರದು.

ಗುರುತಿನ ದಾರವುಳ್ಳ ಕಾಯಿಯನ್ನು ಕೊಯ್ದ ಮೇಲೂ ಮೂರು ನಾಲ್ಕು ವಾರ ಇಟ್ಟು ಒಡೆದರೆ ಬೀಜ ಚೆನ್ನಾಗಿ ಬಲಿಯುವುದು. ತೊಳೆದು, ನೆರಳಿನಲ್ಲಿ ಒಣಗಿಸಿ, ಜೊಳ್ಳನ್ನು ಬೇರ್ಪಡಿಸಿ, ಬೂದಿಯೊಡನೆ ಗಾಜಿನ ಭರಣಿಯಲ್ಲಿ ತುಂಬಿ, ವರ್ಷವನ್ನು ಬರೆದಿಡಬೇಕು. ತೇವವಿಲ್ಲದೆಡೆ ೪ ವರ್ಷಗಳವರೆಗೂ ಅದು ಮೊಳೆಯಬಲ್ಲುದು. ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಬಿತ್ತದೆ ಅರ್ಧವನ್ನು ಉಳಿಸಿಕೊಂಡು, ಒಂದು ಹಿಡಿಯನ್ನು ನೆರೆಮನೆಗೂ ಮದುವೆಯಾಗಿ ಹೋದ ಮಗಳ ಮನೆಗೂ ಕೊಟ್ಟಿರುವುದು ವಿವೇಕ. ನಮ್ಮ ಬಳ್ಳಿ ಅತಿವೃಷ್ಟಿಗೆ ಕೊಳೆತ ವರ್ಷ, ಬೀಜವು ಅಲ್ಲಿಂದ ಮರಳಿ ಬರುವುದು.