ಗಡಿಯಾಚೆಯ ಅಪರಾಧಿ: ಬಳ್ಳಾರಿ ಸೀಮೆಯ ಆಡಳಿತ ಚರಿತ್ರೆಯ ಒಂದು ಅಧ್ಯಾಯ

ಸಂಗನಕಲ್ಲಿನ ಗುಡ್ಡಗಳು ನೂತನ ಶಿಲಾಯುಗದ ನೆಲೆಗಳೆಂದು ವಿದ್ವಾಂಸರಿಗೆ ಸುಪರಿಚಿತವಾಗಿವೆ. ಆ ಗುಡ್ಡಗಳ ಸುತ್ತಲಿನ ನಾಡು ಕಳೆದ ಶತಮಾನಗಳಲ್ಲಿ ಒಂದು ವಿಚಿತ್ರವಾದ ಗಡಿಸೀಮೆಯಾಗಿತ್ತೆಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ದತ್ತ ಮಂಡಲಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿತು. ಉತ್ತರಕ್ಕೆ ತುಂಗಭದ್ರೆಯನ್ನು ದಾಟಿದರೆ ನಿಜಾಮನ ರಾಜ್ಯ; ದಕ್ಷಿಣಕ್ಕೆ ನಡೆದರೆ ಮೈಸೂರು; ಜಿಲ್ಲೆಯ ಒಡಲಲ್ಲಿಯೇ ಘೋರ್ಪಡೆ ಮನೆತನದ ಸಂಡೂರು. ಸಿರುಗುಪ್ಪೆಯವರಿಗೆ ನದಿ ನಿತ್ಯದ ಬಾಳಿನ ಅಂಗವಾಗಿತ್ತು. ಸರ್ಕಾರಕ್ಕೆ ಅದೇ ನದಿ ಎರಡು ನ್ಯಾಯಗಳ ನಡುವಣ ಗೆರೆ.

ಕುರುಗೋಡಿನಲ್ಲಿ ಕನ್ನ ಹಾಕಿದವನೊಬ್ಬನು ಹರಿಗೋಲೇರಿ ಹೊಳೆ ದಾಟಿದನೆಂದು ಭಾವಿಸೋಣ. ಬೆನ್ನಟ್ಟಿ ಹೋದ ಪೋಲೀಸಿನವನ ಅಧಿಕಾರ ದಂಡೆಯಲ್ಲಿಯೇ ಮುಗಿಯುತ್ತಿತ್ತು. ಕಣ್ಣಿಗೆ ಕಾಣುವ ಊರಿನಲ್ಲಿ ಅಡಗಿರುವ ಆಸಾಮಿಗಾಗಿ ಹೈದರಾಬಾದಿನ ರೆಸಿಡೆಂಟರ ಮೂಲಕ ಪತ್ರ ನಡೆಯಬೇಕು. ಅಲ್ಲಿಂದ ನಿಜಾಮನ ದಿವಾನರಿಗೆ. ಅವರಿಂದ ಕೆಳಗಿಳಿದು ರಾಯಚೂರಿನ ಅಧಿಕಾರಿಗೆ. ಕಾಗದ ಸುತ್ತಿ ಬರುವಷ್ಟರಲ್ಲಿ ಮನುಷ್ಯ ಎಲ್ಲಿರುತ್ತಿದ್ದನೋ!

ಒಪ್ಪಂದವಿಲ್ಲದ ಕಾಲದಲ್ಲಿ ಒಪ್ಪಿಸುವುದು ಬಲಾಬಲದ ಮಾತಾಗಿತ್ತು. 1858ರಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕನು ಹೈದರಾಬಾದಿಗೆ ಹೋದಾಗ ದಿವಾನ ಸಾಲಾರ್ ಜಂಗನು ಅವನನ್ನು ಹಿಡಿಸಿ ರೆಸಿಡೆಂಟನ ವಶಕ್ಕೆ ಕೊಟ್ಟನು. ಇಂಗ್ಲಿಷರ ಕಡತದಲ್ಲಿ ಆತ ಅಪರಾಧಿ, ನಮ್ಮ ಜನರ ಬಾಯಲ್ಲಿ ವೀರ. ಕಡತದ ಭಾಷೆಯನ್ನು ಓದುವವರು ಈ ಭೇದವನ್ನು ಮರೆಯಲಾಗದು.

1867ರಲ್ಲಿ ಹೈದರಾಬಾದಿನೊಡನೆ ಅಪರಾಧಿಗಳನ್ನು ಪರಸ್ಪರ ಒಪ್ಪಿಸಿಕೊಡುವ ಒಪ್ಪಂದವಾಯಿತು. ಕೊಲೆ, ದರೋಡೆ, ಠಕ್ಕುತನ, ಕನ್ನ, ದನಗಳ್ಳತನ, ಖೋಟಾ ದಸ್ತಾವೇಜು ಮುಂತಾದ ಅಪರಾಧಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು, ಸಾಲಗಾರನನ್ನು ಒಪ್ಪಿಸಬೇಕಾಗಿರಲಿಲ್ಲ. ಆಪಾದಿತನು ಸಿಕ್ಕಿದ ನಾಡಿನ ಕಾನೂನಿನಂತೆ ಅವನನ್ನು ಹಿಡಿಯಲು ತಕ್ಕಷ್ಟು ಸಾಕ್ಷ್ಯವೂ ಬೇಕಾಗಿತ್ತು. ಇದು ನ್ಯಾಯವಾದ ನಿಯಮವೆಂದೇ ನನ್ನ ಭಾವನೆ. ಆದರೆ 1887ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಬ್ರಿಟಿಷ್ ಇಂಡಿಯದಿಂದ ಹೈದರಾಬಾದಿಗೆ ಒಪ್ಪಿಸುವಾಗ ಒಪ್ಪಂದದ ಬದಲು ಬ್ರಿಟಿಷ್ ಇಂಡಿಯದ ಕಾನೂನನ್ನೇ ಅನುಸರಿಸಬೇಕೆಂದಾಯಿತು. ಮೈಸೂರಿನ ಸ್ಥಿತಿ ಇನ್ನೂ ಬಿಗಿಯಾದುದು. 1881ರಲ್ಲಿ ರಾಜ್ಯವನ್ನು ಮರಳಿಸಿದ ಪತ್ರದಲ್ಲಿಯೇ, ರೆಸಿಡೆಂಟನು ಕೇಳಿದ ಆಪಾದಿತರನ್ನು ಹಿಡಿದೊಪ್ಪಿಸುವ ಹೊಣೆಯನ್ನು ಮಹಾರಾಜರ ಮೇಲೆ ಹೊರಿಸಲಾಗಿತ್ತು.

ಎಲ್ಲಕ್ಕಿಂತ ಕೌತುಕಕರವಾದುದು ಸಂಡೂರಿನ ಸಂಗತಿ. 1903ರ ಅಪರಾಧಿ ಹಸ್ತಾಂತರ ಕಾಯಿದೆಯ ಪ್ರಕಾರ, ಸಂಸ್ಥಾನದಲ್ಲಿ ತಪ್ಪು ಮಾಡಿ ಬ್ರಿಟಿಷ್ ಸೀಮೆಗೆ ಬಂದವನನ್ನು ಹಿಡಿಯಲು ಆ ಸಂಸ್ಥಾನದ ಪೊಲಿಟಿಕಲ್ ಏಜೆಂಟನು ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ ವಾರಂಟು ಕಳುಹಿಸಬೇಕು. ಸಂಡೂರಿಗೆ ಆಗ ಪೊಲಿಟಿಕಲ್ ಏಜೆಂಟನಾಗಿದ್ದವನು ಬಳ್ಳಾರಿಯ ಕಲೆಕ್ಟರನು. ಬಳ್ಳಾರಿಯ ಜಿಲ್ಲಾ ಮ್ಯಾಜಿಸ್ಟ್ರೇಟನೂ ಅವನೇ! ಬರೆಯುವ ಕೈಯೂ ಪಡೆಯುವ ಕೈಯೂ ಒಂದೇ ಆದಲ್ಲಿ ಪರಿಶೀಲನೆಗೆ ಎಡೆಯೆಲ್ಲಿ? ಯುರೋಪಿಯನ್ ಬ್ರಿಟಿಷ್ ಪ್ರಜೆಗೆ ಮಾತ್ರ ಈ ವಾರಂಟು ತಗಲುತ್ತಿರಲಿಲ್ಲ. ಕಾಯಿದೆಯೇ ಅವನನ್ನು ಹೊರಗಿಟ್ಟಿತ್ತು.

ರೈಲು ಬಂದ ಮೇಲೆ ಗೊಂದಲ ಇನ್ನಷ್ಟಾಯಿತು. ಹೊಸಪೇಟೆಯಿಂದ ಗದಗಿಗೆ ಹೋಗುವ ದಾರಿ ತುಂಗಭದ್ರೆಯನ್ನು ದಾಟಿ ನಿಜಾಮನ ಸೀಮೆಯಾಗಿದ್ದ ಕೊಪ್ಪಳದ ಮೂಲಕ ಸಾಗುತ್ತದೆ. ಸಂಸ್ಥಾನದೊಳಗಿನ ರೈಲ್ವೆ ನೆಲದಲ್ಲಿ ಬ್ರಿಟಿಷರಿಗೆ ಅಧಿಕಾರವೆಷ್ಟು? ಸಿಮ್ಲಾದ ಮ್ಯಾಜಿಸ್ಟ್ರೇಟನ ವಾರಂಟಿನ ಮೇಲೆ ಹೈದರಾಬಾದು ರಾಜ್ಯದ ರೈಲು ನಿಲ್ದಾಣವೊಂದರಲ್ಲಿ ಮಾಡಿದ ಬಂಧನವು ಸಿಂಧುವಲ್ಲವೆಂದು 1897ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. ಆ ಅಧಿಕಾರ ರೈಲ್ವೆಗೆ ಸಂಬಂಧಿಸಿದ ಅಪರಾಧಗಳಿಗೆ ಮಾತ್ರವೆಂಬುದು ಅದರ ತಾತ್ಪರ್ಯ.

ಇನ್ನು ದಾಖಲೆಯ ವಿಚಾರ. ಮದರಾಸಿನ ಠಾಣೆಗಳಲ್ಲಿ ಹಳೆಯ ಕಳ್ಳರ ಹೆಸರು, ಗುರುತು, ಬಂಧುಬಳಗಗಳನ್ನು ಬರೆದಿಡುವ ಪಟ್ಟಿಯಿತ್ತು. ಅದರಲ್ಲಿ ಸೇರಿದವರನ್ನು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಕೆ.ಡಿ.’ ಎನ್ನುತ್ತಿದ್ದರು. ನಮ್ಮ ಹಳೆಯ ‘ಕೇಡು’ ಎಂಬ ಮಾತಿನ ಪಕ್ಕದಲ್ಲಿ ಈ ಅಕ್ಷರಗಳು ಎಷ್ಟು ಸಲೀಸಾಗಿ ಕುಳಿತವೆಂಬುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು. ಒಬ್ಬನ ಕೃತ್ಯ ಒಬ್ಬನ ಹೆಸರಿನಲ್ಲಿ ಉಳಿದಿದ್ದರೆ ಸಹಿಸಬಹುದಾಗಿತ್ತು. ಆದರೆ 1892ರಲ್ಲಿ ಮುಲ್ಲಾಲಿ ಎಂಬ ಪೋಲೀಸು ಅಧಿಕಾರಿ ಮದರಾಸಿನ ‘ಅಪರಾಧಿ ವರ್ಗ’ಗಳನ್ನು ಕುರಿತು ಪುಸ್ತಕವನ್ನೇ ಬರೆದನು. ಉತ್ತರ ಭಾರತದಲ್ಲಿ 1871ರಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಮದರಾಸಿಗೂ ವಿಸ್ತರಿಸಿತು. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ರಾಜ್ಯದಿಂದ ರಾಜ್ಯಕ್ಕೆ ತಿರುಗುತ್ತಿದ್ದ ಕೊರಚರ ಕಸುಬನ್ನು ಉಪ್ಪಿನ ಏಕಸ್ವಾಮ್ಯವೂ ರೈಲೂ ಕಿತ್ತುಕೊಂಡವು. ಅಲೆದಾಟವೇ ಅನುಮಾನಕ್ಕೆ ಕಾರಣವಾಯಿತು. ಹುಟ್ಟಿದ ಕೂಸೂ ಶಂಕಿತರ ಕುಲಕ್ಕೆ ಸೇರಿತು.

ವಚನ ಸಾಹಿತ್ಯವನ್ನು ಓದಿದವರಿಗೆ ಇಲ್ಲಿ ಕನ್ನದ ಮಾರಿತಂದೆಯ ನೆನಪಾಗದಿರದು. ಹಳೆಯ ಕಸುಬು ಆ ಶರಣನ ಹೆಸರಿನಲ್ಲಿ ಹಾಗೆಯೇ ಉಳಿದಿದೆ. ಆದರೆ ಅದು ಅವನನ್ನು ಶರಣರ ಸಾಲಿನಿಂದ ಹೊರಗಿಡಲಿಲ್ಲ. ಠಾಣೆಯ ಪಟ್ಟಿಗೆ ಅಂಥ ಅವಕಾಶವೇ ಇರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು, 1949ರಲ್ಲಿ ಸಂಡೂರು ಭಾರತದ ಆಡಳಿತದೊಳಗೆ ಬಂದವು. ಹೊಳೆ ದಾಟಿದವನಿಗಾಗಿ ರೆಸಿಡೆಂಟನಿಗೆ ಬರೆಯುವ ಕೆಲಸ ತಾನಾಗಿಯೇ ನಿಂತಿತು. ಬುಡಕಟ್ಟುಗಳ ಕಾಯಿದೆ 1952ರಲ್ಲಿ ರದ್ದಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಲೂರು, ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1903ರ ಕಾಯಿದೆಯ ಸ್ಥಾನದಲ್ಲಿ 1962ರಲ್ಲಿ ಹೊಸ ಕಾಯಿದೆ ಬಂದಿತು. ಅದು ಪರದೇಶಗಳೊಡನೆ ನಡೆಯುವ ವ್ಯವಹಾರಕ್ಕೆ ಸಂಬಂಧಿಸಿದುದು.